ಚಾವಡಿಯಿಂದ ಉಚ್ಚ ನ್ಯಾಯಾಲಯದವರೆಗೆ
ಆದವಾನಿ ಸೀಮೆಯಲ್ಲಿ ಫೌಜದಾರಿ ಫಿರ್ಯಾದು ನಡೆದು ಬಂದ ಹಾದಿ

ಹಳ್ಳಿಯಲ್ಲಿ ಒಂದು ಹೊಡೆದಾಟ ನಡೆದ ಮರುದಿನ ಬೆಳಗ್ಗೆ ಶಾಲೆಯ ಜಗಲಿಯ ಬಳಿ ಒಬ್ಬಿಬ್ಬರು ಬಂದು ನಿಲ್ಲುವುದು ನಮ್ಮ ಗಡಿಸೀಮೆಯ ಉಪಾಧ್ಯಾಯರಿಗೆ ಹೊಸ ಅನುಭವವಲ್ಲ. "ಮೇಷ್ಟ್ರೇ, ಒಂದು ಅರ್ಜಿ ಬರಕೊಡ್ರಿ" ಎಂಬುದು ಅವರ ಮೊದಲ ಮಾತು. ಪಾಠದ ಗಂಟೆ ಬಾರಿಸುವುದರೊಳಗೆ ನಾವು ಅವರ ಸಂಕಟವನ್ನು ನಾಲ್ಕು ಸಾಲಿಗೆ ಇಳಿಸಿ ಕೊಡುತ್ತೇವೆ. ಅವರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಠಾಣೆಯ ಕಡೆಗೆ ನಡೆಯುತ್ತಾರೆ. ಆ ಕಾಗದ ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ, ಯಾರ ಕೈ ಸೇರುತ್ತದೆ, ಯಾವ ನುಡಿಗೆ ತಿರುಗುತ್ತದೆ ಎಂಬುದನ್ನು ನಾವು ವಿಚಾರಿಸುವುದು ಅಪರೂಪ. ಆ ಹಾದಿಯ ಇತಿಹಾಸವನ್ನು ನಮ್ಮ ಸೀಮೆಗೆ ಸಂಬಂಧಿಸಿದಂತೆ ಯಥಾಶಕ್ತಿ ಗುರುತಿಸುವುದೇ ಈ ಕಿರುಲೇಖನದ ಉದ್ದೇಶ.

ಸೀಮೆ ಎಂದರೆ ಇಲ್ಲಿ ಆದವಾನಿ, ಆಲೂರು ಮತ್ತು ಅವುಗಳ ಸುತ್ತಣ ಪ್ರದೇಶ; ಕೋಸಿಗಿ, ಕೌತಾಳ, ಹೊಳಗುಂದ, ಹಾಲಹರವಿ, ಪೆದ್ದತುಂಬಳ, ಮಂತ್ರಾಲಯ ಮೊದಲಾದ ಊರುಗಳು. ಉತ್ತರಕ್ಕೆ ತುಂಗಭದ್ರೆ, ಹೊಳೆಯಾಚೆ ರಾಯಚೂರು. ಪಶ್ಚಿಮಕ್ಕೆ ಸಿರುಗುಪ್ಪ, ಬಳ್ಳಾರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕೆಲವು ಓಣಿಗಳಲ್ಲಿ ಉರ್ದು. ಹೀಗೆ ಎರಡು ಮೂರು ನುಡಿಗಳ ನಡುವೆ ಬಾಳುವುದು ಇಲ್ಲಿಯ ಜನಕ್ಕೆ ಸಹಜವಾದದ್ದು. ಜಗಳವಾಡುವಾಗ ಮನುಷ್ಯ ತಾಯಿನುಡಿಯಲ್ಲಿಯೇ ಜಗಳವಾಡುತ್ತಾನೆ. ಆದರೆ ಆ ಜಗಳ ಅಪರಾಧವೆಂದು ಬರಹಕ್ಕೆ ಇಳಿಯುವಾಗ ಯಾವ ನುಡಿಯಲ್ಲಿ ಇಳಿಯುತ್ತದೆ ಎಂಬುದನ್ನು ಆಳುವವರು ನಿರ್ಣಯಿಸುತ್ತ ಬಂದಿದ್ದಾರೆ.

೧. ಆಪಾದನೆಯಿಲ್ಲದ ಶಿಕ್ಷೆ

ಬಸಾಲತ್ ಜಂಗನ ಜಹಗೀರಾಗಿದ್ದ ಆದವಾನಿ, ೧೭೮೬ರಲ್ಲಿ ಟೀಪು ಸುಲ್ತಾನನ ಮುತ್ತಿಗೆಗೆ ಸಿಕ್ಕಿದ ಆದವಾನಿ, ಕೊನೆಗೆ ೧೮೦೦ನೆಯ ಅಕ್ಟೋಬರ್ ತಿಂಗಳ ಒಪ್ಪಂದದಂತೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸಂದಿತು. ಬಳ್ಳಾರಿ, ಅನಂತಪುರ, ಕಡಪೆಯ ಭಾಗಗಳೊಡನೆ ಇದೂ 'ದತ್ತ ಮಂಡಲ'ವೆನಿಸಿತು. ತಾಮಸ್ ಮನ್ರೋ ಅದರ ಪ್ರಧಾನ ಕಲೆಕ್ಟರನಾಗಿ ಬಂದು ೧೮೦೭ರವರೆಗೆ ಇದ್ದನು. ಮರುವರ್ಷ ಈ ಮಂಡಲವನ್ನು ಬಳ್ಳಾರಿ, ಕಡಪೆ ಎಂದು ಎರಡು ಜಿಲ್ಲೆಗಳಾಗಿ ಒಡೆದಾಗ ಆದವಾನಿ ಬಳ್ಳಾರಿಯ ಪಾಲಿಗೆ ಬಂದಿತು.

ಕಂಪನಿಯ ಆಳಿಕೆ ಆರಂಭವಾದ ಮರುವರ್ಷವೇ, ಎಂದರೆ ೧೮೦೧ರಲ್ಲಿ, ಅಂದಿನ ಆದವಾನಿ ಸೀಮೆಗೆ ಸೇರಿದ್ದ ತೆರ್ನೇಕಲ್ ಗ್ರಾಮದ ಜನ ಹೊಸ ಕಂದಾಯವನ್ನು ಎದುರಿಸಿ ನಿಂತರು. ಇಂದು ಆ ಗ್ರಾಮ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿದೆ. ಕಂಪನಿ ಸೈನ್ಯವನ್ನು ಕಳುಹಿಸಿ ಊರ ಕೋಟೆಯನ್ನು ಹಿಡಿಯಿತು. ಊರಿನ ಪಟೇಲನನ್ನು ಗಲ್ಲಿಗೇರಿಸಿತು. ಸ್ಥಳದ ಜನ ಅವನನ್ನು ಮುತ್ತುಕೂರಿ ಗೌಡಪ್ಪ ಎಂದು ಇಂದಿಗೂ ನೆನೆಯುತ್ತಾರೆ. ಅವನ ನಡತೆಯ ಸರಿತಪ್ಪುಗಳನ್ನು ತೂಗುವುದು ಇಲ್ಲಿಯ ಪ್ರಕೃತವಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ: ಸೈನ್ಯ ಅಪರಾಧವನ್ನು ಕಂಡಿತು, ಸೈನ್ಯವೇ ಶಿಕ್ಷಿಸಿತು. ತೋಪಿಗೂ ನೇಣಿಗೂ ನಡುವೆ ಇರಬೇಕಾದ ಸಾವಧಾನದ ಹಾದಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಆಪಾದನೆಯನ್ನು ಬರೆಯುವುದು, ಬರೆದದ್ದನ್ನು ಆಪಾದಿತನಿಗೆ ಓದಿಹೇಳುವುದು, ಅವನ ಉತ್ತರವನ್ನು ಕೇಳುವುದು: ಫೌಜದಾರಿ ನ್ಯಾಯದ ಇತಿಹಾಸವೆಲ್ಲ ಈ ಮೂರು ಕೆಲಸಗಳ ಇತಿಹಾಸವೆಂದರೆ ತಪ್ಪಾಗಲಾರದು.

೨. ಚಾವಡಿ, ಕಛೇರಿ, ಫತ್ವಾ

೧೮೦೨ರ ಕಾನೂನುಗಳಿಂದ ಮದ್ರಾಸು ಅಧಿಪತ್ಯದಲ್ಲಿ ನ್ಯಾಯಾಲಯಗಳ ಸೋಪಾನವೊಂದು ಏರ್ಪಟ್ಟಿತು. ಕೆಳಗೆ ಜಿಲ್ಲಾ ನ್ಯಾಯಾಧೀಶ. ಅವನ ಮೇಲೆ ಊರಿಂದೂರಿಗೆ ಸಂಚರಿಸಿ ದೊಡ್ಡ ಅಪರಾಧಗಳನ್ನು ವಿಚಾರಿಸುವ ಸರ್ಕಿಟ್ ನ್ಯಾಯಾಧೀಶರು. ಎಲ್ಲಕ್ಕೂ ಮೇಲೆ ಮದ್ರಾಸಿನಲ್ಲಿ ಫೌಜದಾರಿ ಅದಾಲತ್ತು. ಕುಳಿತ ನ್ಯಾಯಾಧೀಶ ಇಂಗ್ಲಿಷಿನವನಾದರೂ ಅನ್ವಯವಾಗುತ್ತಿದ್ದುದು ಕಂಪನಿ ತಿದ್ದಿಕೊಂಡ ಮುಸಲ್ಮಾನೀ ದಂಡನೀತಿ. ಆದಕಾರಣ ನ್ಯಾಯಾಲಯದಲ್ಲಿ ಕಾಜಿ ಅಥವಾ ಮುಫ್ತಿ ಇದ್ದು, ಸಾಕ್ಷ್ಯವನ್ನು ನೋಡಿ ಫತ್ವಾ ಕೊಡಬೇಕಾಗಿತ್ತು.

ಈ ಏರ್ಪಾಟು ಮನ್ರೋನಿಗೆ ಒಗ್ಗಲಿಲ್ಲ. ರೈತನಿಗೆ ನ್ಯಾಯ ಅವನ ಊರಿನ ಸಮೀಪದಲ್ಲಿ, ಅವನು ಬಲ್ಲ ಜನರಿಂದ ದೊರೆಯಬೇಕು ಎಂಬುದು ಅವನ ವಾದವಾಗಿತ್ತು. ಅವನ ಹಿರಿತನದಲ್ಲಿ ನಡೆದ ವಿಚಾರಣೆಯ ಫಲವಾಗಿ ೧೮೧೬ರಲ್ಲಿ ಹೊಸ ಕಾನೂನುಗಳು ಬಂದವು. ದಂಡಾಧಿಕಾರ ಜಿಲ್ಲಾ ನ್ಯಾಯಾಧೀಶನ ಕೈಯಿಂದ ಕಲೆಕ್ಟರನ ಕೈಗೆ ಹೋಯಿತು. ಆ ವರ್ಷದ ಹನ್ನೊಂದನೆಯ ಕಾನೂನಿನಂತೆ ಊರಿನ ಗೌಡ ಅಥವಾ ರೆಡ್ಡಿ ಕಳ್ಳರನ್ನು ಹಿಡಿಸಿ ಕಳುಹಿಸಬೇಕು. ಗಂಭೀರ ಅಪರಾಧವಾದರೆ ವರ್ತಮಾನವನ್ನು ಮೇಲಕ್ಕೆ ತಿಳಿಸಬೇಕು. ಬೈಗುಳ, ಸಣ್ಣ ಹೊಡೆದಾಟಗಳಿಗೆ ತಾನೇ ಶಿಕ್ಷೆ ವಿಧಿಸಬಹುದು. ಶಿಕ್ಷೆಯೆಂದರೆ ಹನ್ನೆರಡು ಗಂಟೆಗೆ ಮೀರದಂತೆ ಊರ ಚಾವಡಿಯಲ್ಲಿ ಕೂಡಿಹಾಕುವುದು. ಇದು ಮೇಲಿನ ಜಾತಿಯವರಿಗೆ. ಕೆಳಗಿನವರೆಂದು ಕಾನೂನು ಕರೆದ ಜಾತಿಗಳವರಿಗಾದರೆ ಆರು ಗಂಟೆಯವರೆಗೆ ಕಾಲಿಗೆ ಕೋಳ ತೊಡಿಸಿಡಬಹುದಾಗಿತ್ತು! ಒಂದೇ ಊರು, ಒಂದೇ ತಪ್ಪು, ಒಂದೇ ಚಾವಡಿ. ಶಿಕ್ಷೆ ಮಾತ್ರ ಎರಡು ಬಗೆ. ನ್ಯಾಯ ಊರಿನ ಹತ್ತಿರಕ್ಕೆ ಬಂದರೆ ಊರಿನ ತಾರತಮ್ಯವೂ ಅದರೊಡನೆಯೇ ಬರುತ್ತದೆಂಬುದನ್ನು ಮನ್ರೋನನ್ನು ಹೊಗಳುವ ನಾವು ಮರೆಯಬಾರದು.

ಆದರೂ ಚಾವಡಿಯ ಒಂದು ಗುಣವನ್ನು ಹೇಳಲೇಬೇಕು. ಅಲ್ಲಿ ಫಿರ್ಯಾದಿಯ ಮಾತು ಕೇಳುವವನಿಗೆ ಅರ್ಥವಾಗುತ್ತಿತ್ತು. ಗೌಡ, ಶಾನುಭೋಗ, ತಳವಾರ ಎಲ್ಲರೂ ಅವನ ನುಡಿಯವರೇ. ಅಲ್ಲಿಂದ ಮೇಲೇರಿದಂತೆ ಮಾತು ಬೇರೆಯಾಗುತ್ತ ಹೋಗುತ್ತಿತ್ತು. ದತ್ತ ಮಂಡಲದ ಕಛೇರಿಗಳ ಬರವಣಿಗೆಯಲ್ಲಿ ಮರಾಠಿಗೆ ಬಹುಕಾಲ ಸ್ಥಾನವಿತ್ತು. ಫತ್ವಾ ಕೊಡುವ ಮುಫ್ತಿಯ ಶಾಸ್ತ್ರ ಅರಬ್ಬಿ, ಪಾರಸಿಯದು. ತೀರ್ಪು ಬರೆಯುವವನದು ಇಂಗ್ಲಿಷು. ಹೊಳಗುಂದದ ಒಬ್ಬ ರೈತ ಕನ್ನಡದಲ್ಲಿ ಹೇಳಿಕೊಂಡ ದುಃಖ ಮದ್ರಾಸನ್ನು ಮುಟ್ಟುವ ಹೊತ್ತಿಗೆ ಎಷ್ಟು ಉಡುಪುಗಳನ್ನು ಬದಲಿಸಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

೩. ಹಿಂಸೆಯಿಂದ ಹೊರಡಿಸಿದ ಮಾತು

ಮಾತು ಬದಲಾಗುವುದು ಒಂದು ಕೇಡು. ಮಾತನ್ನು ಬಲಾತ್ಕಾರದಿಂದ ಹೊರಡಿಸುವುದು ಅದಕ್ಕಿಂತ ದೊಡ್ಡ ಕೇಡು. ೧೮೧೬ರ ಏರ್ಪಾಟಿನಲ್ಲಿ ಕಂದಾಯ ವಸೂಲು ಮಾಡುವವನೂ ಪೋಲೀಸು ಕೆಲಸ ನೋಡುವವನೂ ಒಬ್ಬನೇ ಆಗಿದ್ದನು. ತಹಶೀಲ್ದಾರನ ಸೇವಕರೇ ಬಾಕಿಯನ್ನು ವಸೂಲು ಮಾಡುತ್ತಿದ್ದರು. ಅವರೇ ಕಳವಿನ ತಪ್ಪೊಪ್ಪಿಗೆಯನ್ನೂ ಪಡೆಯುತ್ತಿದ್ದರು. ಎರಡಕ್ಕೂ ಬಳಸುತ್ತಿದ್ದ ಉಪಾಯಗಳೂ ಒಂದೇ. ಈ ದೂರುಗಳು ಇಂಗ್ಲೆಂಡಿನ ಪಾರ್ಲಿಮೆಂಟನ್ನು ಮುಟ್ಟಿದ ಮೇಲೆ ಮದ್ರಾಸು ಸರಕಾರ ವಿಚಾರಣಾ ಮಂಡಲಿಯೊಂದನ್ನು ನೇಮಿಸಿತು. ೧೮೫೫ರಲ್ಲಿ ಅದರ ವರದಿ ಹೊರಬಂದಿತು. ಮನುಷ್ಯನನ್ನು ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು, ಬೆರಳುಗಳನ್ನು ಮರದ ಇಕ್ಕಳದಲ್ಲಿ ಒತ್ತುವುದು ಮೊದಲಾದ ಕ್ರೌರ್ಯಗಳು ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ನಡೆಯುತ್ತಿದ್ದವೆಂಬುದನ್ನು ಆ ವರದಿಯೇ ಒಪ್ಪಿಕೊಂಡಿತು.

ಇದಾದ ಮೇಲೆ ಮೂರು ಮುಖ್ಯ ಬದಲಾವಣೆಗಳಾದವು. ಮೊದಲನೆಯದಾಗಿ, ೧೮೫೯ರ ಶಾಸನದಿಂದ ಪೋಲೀಸು ಇಲಾಖೆಯನ್ನು ಕಂದಾಯದಿಂದ ಬೇರ್ಪಡಿಸಲಾಯಿತು. ಎರಡನೆಯದಾಗಿ, ಭಾರತೀಯ ದಂಡ ಸಂಹಿತೆ ಮತ್ತು ಫೌಜದಾರಿ ವ್ಯವಹರಣಾ ಸಂಹಿತೆಗಳು ೧೮೬೨ನೆಯ ಜನವರಿ ೧ರಿಂದ ಜಾರಿಗೆ ಬಂದವು. ಫತ್ವಾದ ಕಾಲ ಮುಗಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹಳೆಯ ಅದಾಲತ್ತುಗಳ ಸ್ಥಾನದಲ್ಲಿ ಮದ್ರಾಸು ಉಚ್ಚ ನ್ಯಾಯಾಲಯ ಬಾಗಿಲು ತೆರೆಯಿತು. ಮೂರನೆಯದು ೧೮೭೨ರ ಸಾಕ್ಷ್ಯ ಶಾಸನ. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಾಗಿ ತರಕೂಡದೆಂದು ಅದರ ಇಪ್ಪತ್ತೈದನೆಯ ಕಲಮು ವಿಧಿಸಿತು. ಹೊಡೆದು ಹೇಳಿಸಿದ ಮಾತಿಗೆ ಬೆಲೆಯಿಲ್ಲವೆಂದಾದರೆ ಹೊಡೆಯುವ ಪ್ರಯೋಜನವಾದರೂ ತಗ್ಗೀತು ಎಂಬುದು ಇದರ ತಾತ್ಪರ್ಯ. ೧೮೫೫ರ ವರದಿಯಲ್ಲಿ ನೊಂದ ಅನಾಮಧೇಯ ರೈತರ ಋಣ ಈ ಕಲಮಿನಲ್ಲಿ ಸ್ವಲ್ಪ ಮಟ್ಟಿಗೆ ತೀರಿದೆಯೆಂದು ನಾನು ಭಾವಿಸುತ್ತೇನೆ.

ಅಂದಿನಿಂದ ಹಾದಿಯ ಮೈಲಿಗಲ್ಲುಗಳು ಗೊತ್ತಾದವು. ಊರ ಮುನಸೀಬನ ವರದಿ ಅಥವಾ ನೊಂದವನ ಫಿರ್ಯಾದು, ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು, ಸಾಕ್ಷಿಗಳ ಹೇಳಿಕೆ, ದಂಡಾಧಿಕಾರಿಯ ಮುಂದೆ ಆಪಾದನಾ ಪಟ್ಟಿ. ಸಣ್ಣ ಅಪರಾಧವಾದರೆ ಅಲ್ಲಿಯೇ ವಿಚಾರಣೆ. ಕೊಲೆ, ದರೋಡೆಗಳಾದರೆ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುವುದು. ಅಲ್ಲಿ ಸೋತವನಿಗೆ ಉಚ್ಚ ನ್ಯಾಯಾಲಯದಲ್ಲಿ ಅಪೀಲು. ಆದವಾನಿಯ ವ್ಯಾಜ್ಯದ ಮಟ್ಟಿಗೆ ಇದು ಬಳ್ಳಾರಿಗೂ ಅಲ್ಲಿಂದ ಮದ್ರಾಸಿಗೂ ಹೋಗುವ ಹಾದಿ. ೧೮೭೧ರಲ್ಲಿ ಮದ್ರಾಸಿನ ರೈಲುಮಾರ್ಗ ಆದವಾನಿಯನ್ನು ಹಾಯ್ದು ರಾಯಚೂರನ್ನು ಮುಟ್ಟಿದ ಮೇಲೆ ಆ ಹಾದಿ ದೂರವಾಗಿದ್ದರೂ ನೇರವಾಯಿತು.

೪. ಗುಂತಕಲ್ಲಿನ ಹಂಪಣ್ಣ

ಮೈಲಿಗಲ್ಲುಗಳೆಲ್ಲ ಸರಿಯಾಗಿದ್ದ ಮಾತ್ರಕ್ಕೆ ಹಾದಿ ನ್ಯಾಯವನ್ನು ಮುಟ್ಟುತ್ತದೆಯೇ? ಈ ಪ್ರಶ್ನೆಗೆ ನಮ್ಮ ನೆರೆಯ ಗುಂತಕಲ್ಲಿನ ಒಂದು ಪ್ರಕರಣ ಉತ್ತರ ಹೇಳುತ್ತದೆ. ಗುಂತಕಲ್ಲು ಮೊದಲು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದು, ೧೮೮೨ರಲ್ಲಿ ಅನಂತಪುರ ಜಿಲ್ಲೆ ಬೇರೆಯಾದಾಗ ಅದಕ್ಕೆ ಸೇರಿದ ಊರು. ಆದವಾನಿಯಿಂದ ಮದ್ರಾಸಿನ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಅದು ಪರಿಚಿತವಾದ ಕೂಡುದಾಣ.

೧೮೯೩ನೆಯ ಅಕ್ಟೋಬರ್ ೪ರಂದು ಅಲ್ಲಿ ಕೆಲವರು ಬಿಳಿಯ ಸೈನಿಕರು ಇಬ್ಬರು ಹೆಂಗಸರನ್ನು ಬೆನ್ನಟ್ಟಿದರು. ರೈಲ್ವೆ ಗೇಟಿನ ಕಾವಲುಗಾರ ಗೂಳಪಾಳ್ಯದ ಹಂಪಣ್ಣ ಆ ಹೆಂಗಸರಿಗೆ ಆಸರೆ ಕೊಟ್ಟು ಸೈನಿಕರಿಗೆ ಅಡ್ಡ ನಿಂತನು. ಸೈನಿಕನೊಬ್ಬ ಅವನಿಗೆ ಗುಂಡು ಹಾರಿಸಿದನು. ಮರುದಿನ ಹಂಪಣ್ಣ ಪ್ರಾಣಬಿಟ್ಟನು. ಹೆಸರಿನಲ್ಲಿಯೇ ಹಂಪೆಯ ದೈವವನ್ನು ಹೊತ್ತ ಈ ಬಡ ಕಾವಲುಗಾರನ ಸಾವನ್ನು ಗುತ್ತಿಯ ವಕೀಲರೂ ಪತ್ರಿಕಾ ಬಾತ್ಮೀದಾರರೂ ಆಗಿದ್ದ ಪಿ. ಕೇಶವಪಿಳ್ಳೆಯವರು ನಾಡಿನ ಗಮನಕ್ಕೆ ತಂದರು.

ಆಪಾದನೆ ಬರಹಕ್ಕೆ ಇಳಿಯಿತು, ವಿಚಾರಣೆಯೂ ನಡೆಯಿತು. ಆದರೆ ಆಪಾದಿತ ಯೂರೋಪಿಯನ್ ಬ್ರಿಟಿಷ್ ಪ್ರಜೆಯಾದುದರಿಂದ ಮೊಕದ್ದಮೆ ಜಿಲ್ಲೆಯ ಸೆಷನ್ಸ್ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅಂದಿನ ವ್ಯವಹರಣಾ ಸಂಹಿತೆಯಲ್ಲಿ ಅಂಥವರ ವಿಚಾರಣೆಗೆಂದೇ ಪ್ರತ್ಯೇಕ ಅಧ್ಯಾಯವಿತ್ತು. ಕೊಲೆಯಂಥ ಆಪಾದನೆಯಾದರೆ ಅವರನ್ನು ಉಚ್ಚ ನ್ಯಾಯಾಲಯಕ್ಕೇ ಒಪ್ಪಿಸಬೇಕಾಗಿತ್ತು. ಇಲ್ಬರ್ಟ್ ಮಸೂದೆಯ ಗದ್ದಲ ಮುಗಿದ ಮೇಲೆ ೧೮೮೪ರಲ್ಲಿ ಬಂದ ತಿದ್ದುಪಡಿಯಂತೆ, ಜಿಲ್ಲೆಯ ನ್ಯಾಯಾಲಯಗಳಲ್ಲಿಯೂ ಪಂಚರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಯೂರೋಪಿಯನ್ನರೋ ಅಮೆರಿಕನ್ನರೋ ಇರಬೇಕೆಂದು ಕೇಳುವ ಹಕ್ಕು ಅವರಿಗಿತ್ತು. ಮದ್ರಾಸಿನಲ್ಲಿ ವಿಚಾರಣೆ ನಡೆದು ಆಪಾದಿತ ಸೈನಿಕ ಬಿಡುಗಡೆ ಹೊಂದಿದನು.

ಹಂಪಣ್ಣನ ನೆನಪಿಗೆ ಜನ ಚಂದಾ ಎತ್ತಿ ಗುಂತಕಲ್ಲಿನಲ್ಲಿ ಸ್ಮಾರಕಶಿಲೆಯನ್ನು ನಿಲ್ಲಿಸಿದರು. ನ್ಯಾಯಾಲಯ ಬರೆಯದ ತೀರ್ಪನ್ನು ಜನ ಕಲ್ಲಿನಲ್ಲಿ ಬರೆಸಿದರು ಎನ್ನಬಹುದು. ೧೮೦೧ರ ತೆರ್ನೇಕಲ್ಲಿನಲ್ಲಿ ಹಾದಿಯೇ ಇರಲಿಲ್ಲ. ೧೮೯೩ರ ಗುಂತಕಲ್ಲಿನಲ್ಲಿ ಹಾದಿ ಪೂರ್ಣವಾಗಿತ್ತು. ಆದರೆ ಅದು ಎಲ್ಲರಿಗೂ ಒಂದೇ ಹಾದಿಯಾಗಿರಲಿಲ್ಲ. ವಿಚಾರಣೆಯಲ್ಲಿ ಜನಾಂಗಕ್ಕೊಂದು ನಿಯಮವೆಂಬ ಈ ಕಲೆಯ ಕೊನೆಯ ಗುರುತುಗಳನ್ನು ಅಳಿಸುವ ಶಾಸನ ಬರಬೇಕಾದರೆ ಸ್ವಾತಂತ್ರ್ಯ ಬಂದು ೧೯೪೯ನೆಯ ವರ್ಷದವರೆಗೆ ಕಾಯಬೇಕಾಯಿತು.

೫. ಹಾದಿ ತಿರುಗಿದ ವರ್ಷ

೧೯೫೩ನೆಯ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಹೋಯಿತು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೆ ಬಂದವು. ಕರ್ನೂಲು ೧೮೩೯ರವರೆಗೆ ನವಾಬರ ಸಂಸ್ಥಾನವಾಗಿತ್ತು, ೧೮೫೮ರಲ್ಲಿ ಜಿಲ್ಲೆಯಾಯಿತು. ಜಿಲ್ಲೆಗಳು ಏರ್ಪಟ್ಟಂದಿನಿಂದ ಆದವಾನಿಯ ಜನ ನ್ಯಾಯಕ್ಕಾಗಿ ಪಶ್ಚಿಮಕ್ಕೆ, ಬಳ್ಳಾರಿಯ ಕಡೆಗೆ ನಡೆದವರು. ಆ ದಿನದಿಂದ ಅವರು ಪೂರ್ವಕ್ಕೆ ತಿರುಗಬೇಕಾಯಿತು.

ಈ ತಿರುವಿನ ಬಗ್ಗೆ ನಮ್ಮಲ್ಲಿ ಭಾವಾವೇಶದ ಮಾತುಗಳು ಬಹಳ ಬಂದಿವೆ. ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನ್ಯಾಯಾರ್ಥಿಯ ಕಾಲಿನ ಲೆಕ್ಕವನ್ನಷ್ಟೇ ನೋಡೋಣ. ಸೆಷನ್ಸ್ ವಿಚಾರಣೆಗೆ ಬಳ್ಳಾರಿಯ ಬದಲು ಕರ್ನೂಲು. ಅಪೀಲಿಗೆ ಕೆಲವು ತಿಂಗಳು ಹಿಂದಿನಂತೆ ಮದ್ರಾಸು. ೧೯೫೪ನೆಯ ಜುಲೈ ೫ರಿಂದ ಆಂಧ್ರ ಉಚ್ಚ ನ್ಯಾಯಾಲಯ ಗುಂಟೂರಿನಲ್ಲಿ ಕುಳಿತುದರಿಂದ ಗುಂಟೂರು. ೧೯೫೬ರ ನವೆಂಬರ್‌ನಲ್ಲಿ ಆಂಧ್ರಪ್ರದೇಶವಾದ ಮೇಲೆ ಹೈದರಾಬಾದು. ರಾಜ್ಯ ಮತ್ತೆ ಒಡೆದ ಬಳಿಕ ೨೦೧೯ನೆಯ ಜನವರಿ ೧ರಿಂದ ಅಮರಾವತಿ. ಹೀಗೆ ಎಪ್ಪತ್ತು ವರ್ಷಗಳೊಳಗೆ ಆದವಾನಿಯ ಅಪೀಲು ನಾಲ್ಕು ಊರುಗಳ ಬಾಗಿಲು ತಟ್ಟಿದೆ. ತಾತ ಮದ್ರಾಸಿಗೆ, ಮಗ ಹೈದರಾಬಾದಿಗೆ, ಮೊಮ್ಮಗ ಅಮರಾವತಿಗೆ ಹೋಗಬೇಕಾದ ಕುಟುಂಬಗಳು ಇದ್ದರೆ ಆಶ್ಚರ್ಯವಿಲ್ಲ.

ಹಾದಿಯ ಕೆಳತುದಿಯೂ ಬದಲಾಯಿತು. ಆಂಧ್ರಪ್ರದೇಶ ಸರಕಾರ ೧೯೮೪ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಿಗಳ ಪದ್ಧತಿಯನ್ನು ತೆಗೆದುಹಾಕಿತು. ಮರುವರ್ಷ ತಾಲ್ಲೂಕುಗಳ ಸ್ಥಾನದಲ್ಲಿ ಮಂಡಲಗಳು ಬಂದವು. ಮನ್ರೋನ ಚಾವಡಿ ಅಲ್ಲಿಗೆ ಮುಗಿಯಿತು. ಗೌಡನ ದರ್ಪ ಹೋದದ್ದು ಒಳ್ಳೆಯದೇ ಆಯಿತು. ಆದರೆ ಊರಿನ ನುಡಿಯಲ್ಲಿ ಮೊದಲ ಮಾತನ್ನು ಕೇಳಿ ಬರೆದು ಮೇಲಕ್ಕೆ ಕಳುಹಿಸುತ್ತಿದ್ದ ಕೈಯೂ ಅದರೊಡನೆ ಹೋಯಿತು. ಈಗ ಮೊದಲ ಮಾತು ಬರಹವಾಗುವುದು ಠಾಣೆಯಲ್ಲಿ, ಅದು ತೆಲುಗಿನಲ್ಲಿ.

೬. ಕೊಡಲಿಯೋ, ಕೊಡವಲಿಯೋ

ತೆಲುಗು ನಮಗೆ ಪರಕೀಯವಲ್ಲ; ನೆರೆಮನೆಯ ನುಡಿ. ಎರಡು ನುಡಿಗಳೂ ಒಂದೇ ಬೇರಿನವು. ಆದರೆ ಅಪಾಯವೂ ಅಲ್ಲಿಯೇ ಇದೆ. ದೂರದ ಭಾಷೆಯಾದರೆ ತಿಳಿಯಲಿಲ್ಲವೆಂದು ದುಭಾಷಿಯನ್ನು ಕರೆಯುತ್ತಾರೆ. ಹತ್ತಿರದ ಭಾಷೆಯಾದರೆ ತಿಳಿಯಿತೆಂದುಕೊಂಡೇ ತಪ್ಪು ಬರೆಯುತ್ತಾರೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ಹೊಲದ ಬದುವಿನ ಜಗಳದಲ್ಲಿ ಒಬ್ಬನಿಗೆ ಪೆಟ್ಟಾಗಿದೆ. ಕಂಡವಳು ಒಬ್ಬ ಮುದುಕಿ. ಕನ್ನಡವಲ್ಲದೆ ಬೇರೆ ಅರಿಯಳು. "ಕೊಡಲೀಲಿ ಹೊಡದ" ಎನ್ನುತ್ತಾಳೆ. ಕನ್ನಡದಲ್ಲಿ ಕೊಡಲಿಯೆಂದರೆ ಮರ ಕಡಿಯುವ ಆಯುಧ. ತೆಲುಗಿನಲ್ಲಿ ಅದಕ್ಕೆ ಗೊಡ್ಡಲಿ ಎಂದು ಹೆಸರು; ಕೊಡವಲಿ ಎಂದರೆ ನಮ್ಮ ಕುಡುಗೋಲು. ತೆಲುಗು ಕಿವಿಗೆ ಕೊಡಲಿಯೆಂಬ ಶಬ್ದ ಕೊಡವಲಿಯಾಗಿ ಕೇಳಿಸುವುದು ಎಷ್ಟು ಸುಲಭ! ಹಾಗೆ ಬರೆದುಕೊಂಡರೆ ಕಾಗದದಲ್ಲಿ ಕುಡುಗೋಲಿನ ಪೆಟ್ಟು, ವೈದ್ಯರ ವರದಿಯಲ್ಲಿ ಕೊಡಲಿಯ ಗಾಯ. ವಿಚಾರಣೆಯ ದಿನ ಆಕೆ ಮತ್ತೆ ಕೊಡಲಿಯೆಂದೇ ಸತ್ಯ ಹೇಳುತ್ತಾಳೆ. ಎದುರು ವಕೀಲರು ಎದ್ದು, "ಪೋಲೀಸರ ಮುಂದೆ ಕುಡುಗೋಲೆಂದು ಹೇಳಿದ್ದೀರಲ್ಲ" ಎಂದು ಕೇಳುತ್ತಾರೆ. ಸತ್ಯವನ್ನು ಎರಡು ಸಲ ಹೇಳಿದ ಮುದುಕಿ ಸುಳ್ಳುಗಾತಿಯಾಗಿ ಕಟಕಟೆಯಿಂದ ಇಳಿಯುತ್ತಾಳೆ. ಅಪರಾಧಿ ಬಿಡುಗಡೆ ಹೊಂದಬಹುದು. ಅಥವಾ ಇಂಥದೇ ಇನ್ನೊಂದು ತಪ್ಪಿನಿಂದ ನಿರಪರಾಧಿ ಸೆರೆಮನೆ ಸೇರಬಹುದು.

ಕಾನೂನು ಈ ಅಪಾಯವನ್ನು ಕಾಣದೆ ಇಲ್ಲ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆ ೧೯೭೪ನೆಯ ಏಪ್ರಿಲ್ ೧ರಿಂದ ನಡೆದು, ೨೦೨೪ನೆಯ ಜುಲೈ ೧ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗೆ ಸ್ಥಾನ ಬಿಟ್ಟುಕೊಟ್ಟಿತು. ಕಲಮುಗಳ ಸಂಖ್ಯೆ ಬದಲಾದರೂ ಭಾಷೆಯ ರಕ್ಷಣೆಗಳು ಉಳಿದಿವೆ. ಅವನ್ನು ನಮ್ಮ ಉಪಾಧ್ಯಾಯ ಬಾಂಧವರು ಮನಸ್ಸಿನಲ್ಲಿಟ್ಟುಕೊಳ್ಳುವುದು ಮೇಲು.

ಬಾಯಿಮಾತಿನ ಫಿರ್ಯಾದನ್ನು ಠಾಣಾಧಿಕಾರಿ ಬರೆಯಿಸಿ, ಅದನ್ನು ಫಿರ್ಯಾದಿಗೆ ಓದಿಹೇಳಿ, ಆ ಮೇಲೆ ಸಹಿ ಪಡೆಯತಕ್ಕದ್ದು; ನಕಲನ್ನು ಉಚಿತವಾಗಿ ಕೊಡತಕ್ಕದ್ದು. ಹಿಂದೆ ನೂರೈವತ್ತನಾಲ್ಕನೆಯ ಕಲಮಿನಲ್ಲಿದ್ದ ಈ ನಿಯಮ ಈಗ ನೂರೆಪ್ಪತ್ತಮೂರನೆಯದು. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಫಿರ್ಯಾದನ್ನು ಬರೆದುಕೊಳ್ಳಬೇಕೆಂಬ ಮಾತು ಈಗ ಆ ಕಲಮಿನಲ್ಲಿಯೇ ಸೇರಿದೆ. ಅತ್ತ ಸಿರುಗುಪ್ಪ, ಇತ್ತ ಹೊಳಗುಂದ ಎಂದು ಗಡಿಯ ಎರಡೂ ಕಡೆ ಹೊಲಮನೆಯಿರುವ ನಮ್ಮ ಜನಕ್ಕೆ ಇದು ಸಣ್ಣ ಉಪಕಾರವಲ್ಲ. 'ನಿಮ್ಮದು ಆ ರಾಜ್ಯ, ಅಲ್ಲಿಗೆ ಹೋಗಿ' ಎಂದು ತಿರುಗಿಸಿ ಕಳುಹಿಸಲು ಈಗ ಕಾನೂನಿನಲ್ಲಿ ಎಡೆಯಿಲ್ಲ.

ತನಿಖೆಯ ಕಾಲದಲ್ಲಿ ಪೋಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಾಕ್ಷಿಯ ಸಹಿ ಬೇಕಾಗಿಲ್ಲ. ಅದು ಸಾಕ್ಷ್ಯವೂ ಅಲ್ಲ. ಆದರೆ ಸಾಕ್ಷಿಯ ಮಾತಿನಲ್ಲಿ ವಿರೋಧವನ್ನು ತೋರಿಸಲು ಅದನ್ನು ಬಳಸಬಹುದು. ನಾನು ಮೇಲೆ ಹೇಳಿದ ಮುದುಕಿಯ ಕೇಡು ಹುಟ್ಟುವುದು ಇಲ್ಲಿಯೇ. ಹಾದಿಯಲ್ಲಿ ಓದಿಹೇಳುವ ನಿರ್ಬಂಧ ಸಡಿಲವಾಗಿರುವ ಜಾಗ ಇದೊಂದೇ.

ನ್ಯಾಯಾಲಯಕ್ಕೆ ಬಂದ ಮೇಲೆ ರಕ್ಷಣೆ ಮತ್ತೆ ಬಿಗಿಯಾಗುತ್ತದೆ. ದೋಷಾರೋಪಣೆಯನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆದರೂ ಅದನ್ನು ಆಪಾದಿತನಿಗೆ ಓದಿ, ವಿವರಿಸಿ, ತಪ್ಪಿತಸ್ಥನೆಂದು ಒಪ್ಪುತ್ತಾನೆಯೋ ವಿಚಾರಣೆ ಬೇಡುತ್ತಾನೆಯೋ ಎಂದು ಕೇಳಬೇಕು. ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು. ಸಾಧ್ಯವಿಲ್ಲದಿದ್ದರೆ ನ್ಯಾಯಾಲಯದ ಭಾಷೆಯಲ್ಲಿ ನಿಜವಾದ ಅನುವಾದ ಸಿದ್ಧವಾಗಬೇಕು. ಬರೆದ ಸಾಕ್ಷ್ಯವನ್ನು ಸಾಕ್ಷಿಗೆ ಓದಿಹೇಳಬೇಕು, ತಪ್ಪಿದ್ದರೆ ತಿದ್ದಬೇಕು, ತಿದ್ದಲು ನ್ಯಾಯಾಧೀಶರು ಒಪ್ಪದಿದ್ದರೆ ಸಾಕ್ಷಿಯ ಆಕ್ಷೇಪಣೆಯನ್ನಾದರೂ ಗುರುತು ಹಾಕಬೇಕು. ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ಅದನ್ನು ಹೇಳಬೇಕು. ಇವು ಕೇಳಿ ಪಡೆಯಬೇಕಾದ ದಾನಗಳಲ್ಲ, ವಿಧಿಗಳು. ಆದರೆ ಇಂಥ ವಿಧಿಯುಂಟೆಂದು ಅರಿಯದವನು ಅದು ತಪ್ಪಿದಾಗ ಬಾಯಿ ತೆರೆಯುವುದಾದರೂ ಹೇಗೆ?

೭. ಉಪಸಂಹಾರ

ಇಂದು ಆದವಾನಿಯಲ್ಲಿಯೇ ದಂಡಾಧಿಕಾರಿಗಳ ನ್ಯಾಯಾಲಯಗಳಲ್ಲದೆ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೂ ಕುಳಿತುಕೊಳ್ಳುತ್ತದೆ. ೧೯೫೩ರಲ್ಲಿ ಕರ್ನೂಲಿಗೆ ನಡೆದವರ ಮೊಮ್ಮಕ್ಕಳಿಗೆ ಸೆಷನ್ಸ್ ವಿಚಾರಣೆ ಮನೆಯ ಸಮೀಪಕ್ಕೆ ಬಂದಿದೆ. ಎಂದರೆ ನೆಲದ ಮೇಲಿನ ದೂರ ಸ್ವಲ್ಪ ಕಡಿಮೆಯಾಗಿದೆ. ಉಳಿದಿರುವುದು ಕಿವಿಗೂ ಲೇಖನಿಗೂ ನಡುವಣ ದೂರ.

ಈ ಎರಡು ಶತಮಾನಗಳ ಹಾದಿಯನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನ್ಯಾಯಾಲಯ ಯಾವ ಊರಿನಲ್ಲಿದೆ, ಯಾವ ರಾಜ್ಯದಲ್ಲಿದೆ ಎಂಬುದು ದೊಡ್ಡ ಪ್ರಶ್ನೆಯೇ ಸರಿ. ಆದರೆ ತೆರ್ನೇಕಲ್ಲಿನ ಗೌಡನಿಗೆ ಇಲ್ಲದೆ ಹೋದದ್ದು ನ್ಯಾಯಾಲಯದ ಕಟ್ಟಡವಲ್ಲ. ಆಪಾದನೆಯನ್ನು ಬರೆದು ಓದಿಹೇಳುವವನು. ೧೮೫೫ರ ವರದಿಯ ರೈತರಿಗೆ ಇಲ್ಲದೆ ಹೋದದ್ದು ಮಾತನ್ನು ಮನಸ್ಸಿನಂತೆ ಆಡುವ ಸ್ವಾತಂತ್ರ್ಯ. ಹಂಪಣ್ಣನಿಗೆ ಇಲ್ಲದೆ ಹೋದದ್ದು ತನ್ನ ಸಾವನ್ನು ಕೊಂದವನ ಬದುಕಿನೊಡನೆ ಸಮವಾಗಿ ತೂಗುವ ತಕ್ಕಡಿ. ಗಡಿಸೀಮೆಯ ಕನ್ನಡಿಗನಿಗೆ ಇಂದು ಇಲ್ಲದೆ ಹೋಗಬಹುದಾದದ್ದು, ತಾನು ಆಡಿದ ಮಾತು ತಾನು ಆಡಿದಂತೆಯೇ ಕಾಗದಕ್ಕೆ ಇಳಿದಿದೆಯೆಂಬ ನೆಮ್ಮದಿ.

ಆ ನೆಮ್ಮದಿಯನ್ನು ಕೊಡುವುದರಲ್ಲಿ ಉಪಾಧ್ಯಾಯನಿಗೆ ಒಂದು ಪಾಲಿದೆ. ಎರಡು ನುಡಿಗಳನ್ನೂ ಓದಿ ಬರೆಯಬಲ್ಲವನು ಅನೇಕ ಹಳ್ಳಿಗಳಲ್ಲಿ ಅವನೇ. ಜಗಲಿಗೆ ಬಂದವನ ಅರ್ಜಿಯನ್ನು ಬರೆಯುವಾಗ ಅಲಂಕಾರದ ಮಾತುಗಳನ್ನು ಬಿಟ್ಟು, ಯಾರು, ಯಾವಾಗ, ಎಲ್ಲಿ, ಯ��ವ ಆಯುಧದಿಂದ, ಯಾರ ಕಣ್ಣೆದುರಿಗೆ ಎಂಬುದನ್ನು ಅವನಾಡಿದ ಶಬ್ದಗಳಲ್ಲಿಯೇ ಕನ್ನಡದಲ್ಲಿ ಬರೆಯೋಣ. ಕೆಳಗೆ ತೆಲುಗಿನಲ್ಲಿ ಅದೇ ಅರ್ಥವನ್ನು ಬರೆಯೋಣ. ಒಂದು ಪ್ರತಿಯನ್ನು ಅವನ ಕೈಯಲ್ಲಿ ಉಳಿಸೋಣ. ಠಾಣೆಯಲ್ಲಿ ಬರೆದುದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡು ಎಂದು ಹೇಳಿ ಕಳುಹಿಸೋಣ. ಮೇಲಿನ ತರಗತಿಯ ಮಕ್ಕಳಿಗೆ ಕೊಡಲಿ ಯಾವುದು, ಕೊಡವಲಿ ಯಾವುದು ಎಂದು ಎರಡೂ ನುಡಿಗಳಲ್ಲಿ ಕಲಿಸೋಣ. ಅಂದಿನ ಪಾಠದಲ್ಲಿ ಕುಳಿತ ಹುಡುಗಿಯೊಬ್ಬಳು ಮುಂದೊಂದು ದಿನ ಕಟಕಟೆಯಲ್ಲಿ ನಿಂತ ತನ್ನ ಅಜ್ಜಿಯ ಮಾತನ್ನು ಸರಿಯಾಗಿ ಬರೆದುಕೊಳ್ಳುವ ಗುಮಾಸ್ತೆಯೋ ವಕೀಲೆಯೋ ನ್ಯಾಯಾಧೀಶೆಯೋ ಆದಾಳು.

ಸೀಮೆಯ ಹಿರಿಯರಲ್ಲಿ ಹಳೆಯ ಫಿರ್ಯಾದು, ಸಮನ್ಸು, ತೀರ್ಪಿನ ನಕಲುಗಳು ಪೆಟ್ಟಿಗೆಯ ತಳದಲ್ಲಿ ಇನ್ನೂ ಉಳಿದಿರಬಹುದು. ಅವನ್ನು ಗೆದ್ದಲಿಗೆ ಒಪ್ಪಿಸದೆ ಶಾಲೆಗೆ ತೋರಿಸಬೇಕೆಂದು ವಿನಂತಿ. ಬಳ್ಳಾರಿಯ ಮುದ್ರೆಯಿದ್ದ ಒಂದು ಕಾಗದ, ಕರ್ನೂಲಿನ ಮುದ್ರೆಯಿದ್ದ ಇನ್ನೊಂದು ಕಾಗದ: ಇವೆರಡನ್ನು ಪಕ್ಕದಲ್ಲಿಟ್ಟು ಓದಿದರೆ ನಮ್ಮ ಸೀಮೆಯ ಇತಿಹಾಸದ ಒಂದು ಅಧ್ಯಾಯ ತಾನಾಗಿಯೇ ತೆರೆದುಕೊಳ್ಳುತ್ತದೆ.